ಟಬ್ಬಿನಿಂದ ಏಳುವುದು ಹೇಗೆ?

ಹಂಪಿಯ ಅರಮನೆ ಆವರಣದಲ್ಲಿರುವ ಮೆಟ್ಟಿಲು ಪುಷ್ಕರಣಿಯ ಅಂದವನ್ನು ಹೊಗಳದವರಿಲ್ಲ. ಅದರ ಜಾಣ್ಮೆಯನ್ನು ಗಮನಿಸುವವರು ಮಾತ್ರ ಕಡಿಮೆ. ಸುಮಾರು 22 ಮೀಟರ್ ಚೌಕದ, 7 ಮೀಟರ್ ಆಳದ ಈ ಕೊಳ ಐದು ಹಂತಗಳಲ್ಲಿ ಕೆಳಗಿಳಿಯುತ್ತದೆ. ಪ್ರತಿ ಹಂತದಲ್ಲೂ ನಾಲ್ಕೂ ಕಡೆ ಪುಟ್ಟ ಪುಟ್ಟ ಮೆಟ್ಟಿಲುಗಳ ಸಾಲು, ಒಂದು ಹಂತ ಮುಗಿದಲ್ಲಿ ನಿಂತು ಉಸಿರಾಡಲು ಕಲ್ಲಿನ ಕಟ್ಟೆ. ನೀರು ಅಂಚಿನವರೆಗೆ ತುಂಬಿರಲಿ, ಬೇಸಿಗೆಯಲ್ಲಿ ತಳ ಕಂಡಿರಲಿ, ಯಾವ ಬದಿಯಿಂದ ಇಳಿದವರಿಗೂ ಮೇಲೆ ಬರಲು ಕಾಲಿಡುವ ಜಾಗ ಇದ್ದೇ ಇರುತ್ತದೆ.

1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಹೊರಬಂದ ಈ ಕೊಳದ ಕಲ್ಲುಗಳ ಮೇಲೆ ಅಕ್ಷರ, ಅಂಕಿಗಳ ಗುರುತುಗಳಿವೆ. ಯಾವ ದಿಕ್ಕು, ಎಷ್ಟನೆಯ ಸಾಲು, ಎಲ್ಲಿ ಕೂರಿಸಬೇಕು ಎಂದು ಕಲ್ಲುಕುಟಿಗರು ಬರೆದಿಟ್ಟುಕೊಂಡ ಲೆಕ್ಕ ಅದು. ಒಂದೊಂದು ಮೆಟ್ಟಿಲನ್ನೂ ಮೊದಲೇ ಯೋಚಿಸಿ ಕಟ್ಟಿದ ಕೊಳವಿದು.

ಅನತಿ ದೂರದಲ್ಲಿರುವ ರಾಣಿಯರ ಸ್ನಾನಗೃಹದ ಕೊಳ ಸುಮಾರು 15 ಮೀಟರ್ ಚೌಕ, ಆಳ 1.8 ಮೀಟರ್. ಅಷ್ಟು ಆಳದ ನೀರಿನಲ್ಲಿ ಸಾಮಾನ್ಯ ಎತ್ತರದವರ ತಲೆಯೂ ಮುಳುಗುತ್ತದೆ. ಆದ್ದರಿಂದ ಇಲ್ಲಿ ಮೆಟ್ಟಿಲು ಬರೀ ಅಲಂಕಾರವಲ್ಲ.

ಇದನ್ನೆಲ್ಲ ನೋಡಿ ದಣಿದ ಪ್ರವಾಸಿ ಸಂಜೆ ತಂಗುವ ಕೋಣೆಯಲ್ಲಿ ಬಾತ್‌ಟಬ್ ಇದ್ದರೆ ಖುಷಿಪಡುತ್ತಾನೆ. ಬಿಸಿನೀರು ತುಂಬಿಸಿ, ಅಂಚು ದಾಟಿ, ಬೆನ್ನು ಜಾರಿಸಿ ಮಲಗುತ್ತಾನೆ. ತೊಂದರೆ ಶುರುವಾಗುವುದು ಏಳಬೇಕಾದಾಗ. ಒಳಗೆಲ್ಲ ನುಣುಪಾದ ಇಳಿಜಾರು, ಕೈಗೆ ಸಿಗುವುದು ದುಂಡಗಿನ ಒದ್ದೆ ಅಂಚು, ಪಾದಗಳು ಎಲ್ಲೋ ಆ ತುದಿಯಲ್ಲಿ.

ನೆಲದಿಂದಾಗಲೀ ಕುರ್ಚಿಯಿಂದಾಗಲೀ ಏಳುವಾಗ ಮನುಷ್ಯ ತನಗರಿವಿಲ್ಲದೆ ಒಂದು ಕೆಲಸ ಮಾಡುತ್ತಾನೆ: ಪಾದಗಳನ್ನು ಹಿಂದಕ್ಕೆಳೆದುಕೊಂಡು, ಮೈಯನ್ನು ಮುಂದಕ್ಕೆ ಬಾಗಿಸಿ, ಭಾರವನ್ನು ಪಾದಗಳ ಮೇಲೆ ತರುತ್ತಾನೆ. ಒರಗಿಕೊಳ್ಳಲೆಂದೇ ರೂಪಿಸಿದ ಟಬ್ ಇದಕ್ಕೆ ಅಡ್ಡಿ. ಬೆನ್ನಿನ ಕಡೆಯ ಇಳಿಜಾರು ಸೊಂಟವನ್ನು ಮುಂದಕ್ಕೆ ದೂಡುತ್ತದೆ. ಮಡಿಸಿದ ಕಾಲು ಸೋಪಿನ ನೀರಿನಲ್ಲಿ ಜಾರುತ್ತದೆ. ಇದರ ಜೊತೆಗೆ ನೀರು ತಾನು ಹೊತ್ತಿದ್ದ ಭಾರವನ್ನು ವಾಪಸು ಕೊಡುತ್ತದೆ. ಕುತ್ತಿಗೆಯವರೆಗೆ ಮುಳುಗಿದವರ ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ತಳದ ಮೇಲೆ ಬೀಳುತ್ತದೆ. ಎದ್ದು ನಿಂತ ಕ್ಷಣ ಪೂರ್ತಿ ಭಾರ ಮೊಣಕಾಲಿನ ಮೇಲೆ.

ಮೈಯೊಳಗೂ ಒಂದು ಬದಲಾವಣೆ ಆಗಿರುತ್ತದೆ. ಬಿಸಿನೀರಿನಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ. ಥಟ್ಟನೆ ಎದ್ದರೆ ರಕ್ತ ಕಾಲಿನತ್ತ ಇಳಿದು ರಕ್ತದೊತ್ತಡ ತಗ್ಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ರಕ್ತದೊತ್ತಡದ ಮಾತ್ರೆ ನುಂಗುವ ಹಿರಿಯರಿಗೆ ಈ ಅಪಾಯ ಇನ್ನೂ ಹೆಚ್ಚು. ಇಂಥ ಹೊತ್ತಿನಲ್ಲೇ ಒಂಟಿ ಕಾಲಿನ ಮೇಲೆ ನಿಂತು, ಇನ್ನೊಂದನ್ನು ಮೊಣಕಾಲೆತ್ತರದ ಅಂಚಿನಾಚೆ ಹಾಕಬೇಕು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2011ರಲ್ಲಿ ಪ್ರಕಟಿಸಿದ ವರದಿ ಇದಕ್ಕೆ ಅಂಕಿಯ ಪುರಾವೆ ಕೊಡುತ್ತದೆ. ಆ ದೇಶದಲ್ಲಿ 2008ರ ಒಂದೇ ವರ್ಷದಲ್ಲಿ, 15 ವರ್ಷ ದಾಟಿದವರ ಪೈಕಿ ಸುಮಾರು 2.34 ಲಕ್ಷ ಮಂದಿ ಬಾತ್‌ರೂಮಿನಲ್ಲಿ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದಿದ್ದರು. ನೂರರಲ್ಲಿ ಎಂಬತ್ತು ಜನ ಬಿದ್ದೇ ಪೆಟ್ಟು ಮಾಡಿಕೊಂಡವರು. ಟಬ್ ಅಥವಾ ಷವರಿನೊಳಗೆ ಹೋಗುವಾಗ ಆದ ಗಾಯಗಳು ಶೇ 2ರಷ್ಟಿದ್ದರೆ, ಹೊರಬರುವಾಗ ಆದವು ಶೇ 10ರ ಸಮೀಪ.

ಈ ಎಚ್ಚರಿಕೆ ಹೊಸದಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಪ್ರಾಧ್ಯಾಪಕ ಅಲೆಕ್ಸಾಂಡರ್ ಕೀರಾ 1966ರಲ್ಲೇ ‘ದಿ ಬಾತ್‌ರೂಮ್’ ಎಂಬ ಪುಸ್ತಕ ಬರೆದು, ಸ್ನಾನದ ಸಾಮಾನುಗಳನ್ನು ಮನುಷ್ಯನ ಮೈಯ ಅಳತೆ, ಚಲನೆಗೆ ತಕ್ಕಂತೆ ರೂಪಿಸಬೇಕೆಂದು ವಾದಿಸಿದ್ದರು.

ಕಂಪ್ಲಿ, ಸಂಡೂರು ಕಡೆಯ ಹಳೆಯ ಮನೆಗಳಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಅಲ್ಲಿ ನೀರಿರುವುದು ಹಂಡೆಯಲ್ಲಿ, ಮನುಷ್ಯ ಕೂರುವುದು ಬಚ್ಚಲ ಚಪ್ಪಡಿಯ ಮೇಲೆ ಮಣೆ ಹಾಕಿಕೊಂಡು. ದಾಟಲು ಅಂಚಿಲ್ಲ. ಉಳಿಯ ಪೆಟ್ಟು ಉಳಿದ ಒರಟು ಕಲ್ಲು ಎಣ್ಣೆ ಸ್ನಾನದ ದಿನವೂ ಪಾದವನ್ನು ಹಿಡಿದುಕೊಳ್ಳುತ್ತಿತ್ತು. ಈಗ ಆ ಚಪ್ಪಡಿಯ ಜಾಗಕ್ಕೆ ನುಣುಪು ಟೈಲ್ಸ್ ಬಂದಿದೆ. ಟಬ್ ಕಾಣದ ಮನೆಯಲ್ಲೂ ಜಾರುವ ಭಯ ಕಾಲಿಟ್ಟಿದ್ದು ಹೀಗೆ.

ಟಬ್ಬಿನಲ್ಲಿ ಸಿಕ್ಕಿಹಾಕಿಕೊಂಡವರು ಮೊದಲು ಮಾಡಬೇಕಾದ ಕೆಲಸ, ಕೂತಲ್ಲೇ ತಳದ ಬಿರಡೆ ತೆಗೆದು ನೀರು ಖಾಲಿ ಮಾಡುವುದು. ಎರಡು ನಿಮಿಷ ಹಾಗೇ ಕೂತರೆ ತಲೆಸುತ್ತೂ ತಗ್ಗುತ್ತದೆ. ಆಮೇಲೆ ಟವೆಲ್ಲನ್ನು ತಳಕ್ಕೆ ಹಾಸಿ, ಪಕ್ಕಕ್ಕೆ ಹೊರಳಿ ಮಂಡಿಯೂರಬೇಕು. ಎರಡೂ ಕೈಗಳನ್ನು ಒಂದೇ ಬದಿಯ ಅಂಚಿಗೆ ಊರಿ, ಒಂದು ಪಾದವನ್ನು ತಳದಲ್ಲಿ ಗಟ್ಟಿಯಾಗಿ ಊರಿ, ನಿಧಾನವಾಗಿ ಏಳಬೇಕು. ಅಂಚು ಅಗಲವಾಗಿದ್ದರೆ ಅದರ ಮೇಲೆ ಕೂತು ಒಂದೊಂದೇ ಕಾಲನ್ನು ಹೊರಗಿಡುವುದು ಇನ್ನೂ ಕ್ಷೇಮ.

ವಯಸ್ಸಾದ ತಂದೆತಾಯಿಯರನ್ನು ಹಂಪಿಗೆ ಕರೆತರುವವರು ಕೋಣೆ ಕಾಯ್ದಿರಿಸುವಾಗ ಬೇರೆ ಷವರ್ ಇದೆಯೇ, ಕೂರಲು ಸ್ಟೂಲ್ ಕೊಡುತ್ತಾರೆಯೇ, ಗೋಡೆಗೆ ಹಿಡಿಕೆ ಇದೆಯೇ ಎಂದು ಕೇಳಿಕೊಳ್ಳಬೇಕು. ಟವೆಲ್ ನೇತುಹಾಕುವ ಸರಳು ಹಿಡಿಕೆಯಲ್ಲ. ಮೈಭಾರ ಬಿದ್ದರೆ ಗೋಡೆಯಿಂದ ಕಿತ್ತು ಬರುತ್ತದೆ. ಟೈಲ್ಸಿಗೆ ಒತ್ತಿ ಅಂಟಿಸುವ ಪ್ಲಾಸ್ಟಿಕ್ ಹಿಡಿಕೆಯನ್ನೂ ನಂಬುವಂತಿಲ್ಲ. ಮನೆಯಲ್ಲಿ ಹಾಕಿಸುವುದಾದರೆ ಉಕ್ಕಿನ ಹಿಡಿಕೆಯನ್ನು ಗೋಡೆ ಕೊರೆಸಿ, ಬೋಲ್ಟ್ ಹಾಕಿಸಿ ಕೂರಿಸಬೇಕು. ಟಬ್ಬಿನಲ್ಲಿ ಕೂತವರ ಕೈಗೆ ಅದು ಎಟುಕುತ್ತದೆಯೇ ಎಂದು ಗೋಡೆ ಕೊರೆಯುವ ಮೊದಲೇ ನೋಡಿಕೊಳ್ಳಬೇಕು.