ಟಿಕೆಟ್ ಬಂತು, ಸೀಟಿಲ್ಲ

ನಾನು ಚೆನ್ನೈನ ಪಶ್ಚಿಮ ಮಾಂಬಲದ ನಿವೃತ್ತ ಬ್ಯಾಂಕ್ ಗುಮಾಸ್ತ. ದುಡ್ಡು ಕಳಕೊಂಡವರು ಮೊದಲು ತಟ್ಟುವುದು ನಮ್ಮ ಬಾಗಿಲನ್ನೇ. ಮೊನ್ನೆ ಕೆಳಮನೆಯ ಅಕ್ಕ ಚೆನ್ನೈ–ಮಂಗಳೂರು ವಿಮಾನದ ಟಿಕೆಟ್ ತೋರಿಸಿದರು. ಚೆಂದದ ಪಿಡಿಎಫ್. ಪಿಎನ್‌ಆರ್ ಅನ್ನು ವಿಮಾನ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಹಾಕಿದರೆ ಅಂಥ ಬುಕಿಂಗೇ ಇಲ್ಲ! ಮೇಲಾಗಿ, 'ರೀಫಂಡ್‌ಗೆ ಓಟಿಪಿ ಹೇಳಿ' ಅಂತ ಫೋನು ಬೇರೆ. "ಕಟ್ ಮಾಡಿ ಅಕ್ಕಾ" ಅಂದೆ.

ತಕ್ಷಣ 1930ಕ್ಕೆ ಕರೆ ಮಾಡಿಸಿದೆ. ಈ ಸೈಬರ್ ವಂಚನೆ ಸಹಾಯವಾಣಿಯಲ್ಲಿ ಬೇಗ ಹೇಳಿದಷ್ಟೂ ಲಾಭ: ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ಬ್ಯಾಂಕುಗಳು ಸಿಕ್ಕಷ್ಟನ್ನು ತಡೆಹಿಡಿಯಬಹುದು. ಕಾರ್ಡಿನಲ್ಲಿ ಕಟ್ಟಿದ್ದರಿಂದ, ಹಣ ವಾಪಸ್ ಕೋರಿ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಅರ್ಜಿಯನ್ನೂ ಬರೆಸಿದೆ.

ಪಿಎನ್‌ಆರ್ ಅಸಲಿಯಾಗಿದ್ದು, ರದ್ದಾದ ಟಿಕೆಟ್ಟಿನ ದುಡ್ಡಿಗೆ ಏಜೆಂಟ್ ಸತಾಯಿಸುತ್ತಿದ್ದರೆ ಕಥೆ ಬೇರೆ. ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಂತೆ ಆ ರೀಫಂಡ್ ಹೊಣೆ ವಿಮಾನ ಕಂಪನಿಯದು. ಸರ್ಕಾರದ ವಿಮಾನಯಾನ ದೂರು ತಾಣ ಏರ್‌ಸೇವಾದಲ್ಲೋ ಗ್ರಾಹಕ ಸಹಾಯವಾಣಿ 1915ಕ್ಕೋ ದೂರು ಕೊಡಬಹುದು. ಅಕ್ಕನ ಅರ್ಜಿಗೆ ಬ್ಯಾಂಕಿನ ಉತ್ತರ ಇನ್ನೂ ಬರಬೇಕು.