ಮಕ್ಕಳು, ನೀರು ಮತ್ತು ನಮ್ಮ ಹೊಣೆ

ಜೂನ್ ತಿಂಗಳಲ್ಲಿ ಮಳೆ ಹಿಡಿದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ನಮ್ಮ ಕರಾವಳಿಯ ಕೆಂಪು ಕಲ್ಲಿನ ಕೋರೆಗಳು ಕೆರೆಗಳಾಗುತ್ತವೆ. ಕಲ್ಲು ಮುಗಿದ ಮೇಲೆ ಮುಚ್ಚದೆ ಬಿಟ್ಟ ಈ ಹೊಂಡಗಳಲ್ಲಿ ಅನೇಕಕ್ಕೆ ಬೇಲಿಯಿಲ್ಲ, ಎಚ್ಚರಿಕೆಯ ಫಲಕವಿಲ್ಲ. ಯಂತ್ರದಿಂದ ಕೊರೆದ ಗೋಡೆಗಳು ನೆಟ್ಟಗೆ ನಿಂತಿರುವುದರಿಂದ ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಆಳುದ್ದದ ಮಡುವಿಗೆ ಇಳಿದುಬಿಡಬಹುದು. ಅಲ್ಲಿಂದ ಮೇಲೇರಲು ಈಜು ಬಲ್ಲವನ ಕೈಗೂ ಹಿಡಿತ ಸಿಗುವುದು ಕಷ್ಟ. ಮಣ್ಣು ಕದಡಿದ ನೀರಿನಲ್ಲಿ ತಳ ಕಾಣುವುದಿಲ್ಲ. ಶಾಲೆ ಬಿಟ್ಟು ಬರುವ ಮಕ್ಕಳಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅವರ ಕಣ್ಣಿಗೆ ಕಾಣುವುದು ನೀರು ಮಾತ್ರ.

ಕಡಲು ಒಂದು ಕಡೆ, ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ ನದಿಗಳು ಇನ್ನೊಂದು ಕಡೆ. ಹೀಗೆ ನೀರಿನ ನಡುವೆಯೇ ಬದುಕು ಕಟ್ಟಿಕೊಂಡ ಜನ ನಾವು. ಹಿಂದಿನ ತಲೆಮಾರಿನವರಿಗೆ ಈಜು ಕಲಿಯಲು ಶಾಲೆ ಬೇಕಿರಲಿಲ್ಲ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ ಎದೆಯಡಿಗೆ ಕೊಟ್ಟರೆ, ಅಥವಾ ಗೊನೆ ಕಡಿದ ಬಾಳೆಯ ದಿಂಡೊಂದನ್ನು ತೋಟದ ಕೆರೆಗೆ ಉರುಳಿಸಿದರೆ ಪಾಠ ಆರಂಭವಾದಂತೆಯೇ. ಘಟ್ಟದ ಮೇಲಿನವರು ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಆ ಕಾಲವನ್ನು ಹಾಡಿ ಹೊಗಳುವ ಉದ್ದೇಶ ನಮ್ಮದಲ್ಲ. ಆಗಲೂ ಕೆರೆ ಬಾವಿಗಳು ಮಕ್ಕಳನ್ನು ನುಂಗಿದ್ದುಂಟು. ಆದರೆ ತೋಟದ ಕೆಲಸದವರೋ, ಬಟ್ಟೆ ಒಗೆಯುವ ಹೆಂಗಸರೋ, ಅಣ್ಣಂದಿರೋ ನೀರಿನ ಬದಿಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಕೊಳವೆಬಾವಿ ಬಂತು, ಪಂಪು ಬಂತು. ಕೆರೆಯ ಕಡೆಗೆ ಮನೆಯವರ ಓಡಾಟವೇ ನಿಂತುಹೋಯಿತು. ನೀರು ಮಾತ್ರ ಅಲ್ಲಿಯೇ ಉಳಿಯಿತು.

ನಮ್ಮ ಕುಟುಂಬಗಳ ಮಟ್ಟಿಗೆ ಇನ್ನೂ ಒಂದು ವಿಶೇಷ ಸಂಗತಿಯಿದೆ. ಏಪ್ರಿಲ್–ಮೇ ತಿಂಗಳಲ್ಲಿ ಮುಂಬಯಿಯಿಂದಲೂ ಬೆಂಗಳೂರಿನಿಂದಲೂ, ಜುಲೈ–ಆಗಸ್ಟ್ ತಿಂಗಳಲ್ಲಿ ಕೊಲ್ಲಿ ರಾಷ್ಟ್ರಗಳಿಂದಲೂ ಮೊಮ್ಮಕ್ಕಳು ಊರಿಗೆ ಬರುತ್ತಾರೆ. ಕೊಲ್ಲಿಯ ಶಾಲೆಗಳಿಗೆ ರಜೆ ಸಿಗುವುದು ನಮ್ಮಲ್ಲಿ ಮಳೆ ಭೋರ್ಗರೆಯುವ ಹೊತ್ತಿನಲ್ಲೇ. ಬಹುಮಹಡಿ ಕಟ್ಟಡದಲ್ಲಿ ಬೆಳೆದ ಮಗುವಿಗೆ ಬಾವಿಕಟ್ಟೆ ಎಂದರೆ ಹತ್ತಿ ಕೂರುವ ಆಟದ ವಸ್ತು. ಮನೆಯಲ್ಲಿ ಕಾವಲಿಗೆ ಇರುವವರು ಮೊಣಕಾಲು ನೋವಿನ ಅಜ್ಜ, ಅಜ್ಜಿ. ಮಗು ಕೆರೆಯ ಬದಿಗೆ ಓಡಿದರೆ ಹಿಂದೆ ಓಡುವ ಶಕ್ತಿ ಅವರಲ್ಲಿಲ್ಲ. ಎಳೆಯ ಮಗುವಿನ ಶವಪೆಟ್ಟಿಗೆಯ ಮುಂದೆ ನಿಂತು ಅಂತಹ ಅಜ್ಜಿಗೆ ಏನು ಹೇಳಬೇಕೆಂಬುದು ನಮ್ಮಂತಹ ಗುರುಗಳಿಗೆ ಯಾವ ತತ್ತ್ವಶಾಸ್ತ್ರದಲ್ಲಿಯೂ ದೊರೆಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು. ನಮ್ಮ ದೇಶದಲ್ಲಿ 2022ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕಕ್ಕೆ ಬಂದ ಇಂತಹ ಸಾವುಗಳು 38 ಸಾವಿರಕ್ಕೂ ಹೆಚ್ಚು. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗುವಿಕೆ ತಡೆಯ ದಿನವೆಂದು ಸಾರಿತು. ಭಾರತ ಸರಕಾರವೂ 2023ರ ಡಿಸೆಂಬರಿನಲ್ಲಿ ಈ ಬಗ್ಗೆ ಕಾರ್ಯನೀತಿಯೊಂದನ್ನು ಪ್ರಕಟಿಸಿತು. ದಿನಾಚರಣೆ ಬಂತು, ಕಾರ್ಯನೀತಿ ಬಂತು. ಕೋರೆಗಳಿಗೆ ಬೇಲಿ ಬರುವುದು ಬಾಕಿ.

ಐದು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಹೆತ್ತವರು ಮೊದಲು ತಿಳಿಯಬೇಕಾದುದು, ಈಜು ಅದಕ್ಕೆ ರಕ್ಷೆಯಲ್ಲ ಎಂಬುದನ್ನು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದು ವರ್ಷ ಕಳೆದ ಮೇಲೆ ಈಜಿನ ಪಾಠ ಆರಂಭಿಸಬಹುದೆಂದು ಹೇಳುತ್ತದೆಯಾದರೂ, ಕಲಿತ ಮಗು ಮುಳುಗಲಾರದೆಂದು ಯಾರೂ ಭಾವಿಸಬಾರದೆಂದು ಅದೇ ಎಚ್ಚರಿಸುತ್ತದೆ. ಎಳೆಯ ಮಗುವಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ. ಬಕೆಟಿಗೋ ಹಂಡೆಗೋ ತಲೆಕೆಳಗಾಗಿ ಬಿದ್ದರೆ ಏಳಲು ಅದಕ್ಕೆ ಸಾಧ್ಯವಿಲ್ಲ. ಗೇಣುದ್ದದ ನೀರೂ ಸಾಕು. ಆದುದರಿಂದ ಸ್ನಾನದ ಕೋಣೆಯ ಬಾಗಿಲಿಗೆ ಚಿಲಕ, ಬಾವಿಗೆ ಕಬ್ಬಿಣದ ಜಾಲರಿ, ಕೆರೆಯ ದಾರಿಗೆ ಗೇಟು ಇವೆಲ್ಲ ಆಗಲೇಬೇಕು. ಬಾವಿಗೆ ಜಾಲರಿ ಹಾಕಿಸುವ ಖರ್ಚು ಒಂದು ಹುಟ್ಟುಹಬ್ಬದ ಊಟದ ಖರ್ಚಿಗಿಂತ ಹೆಚ್ಚಾಗದು.

ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಎಡೆಯಿಲ್ಲ, ಕೂಗುವುದೆಲ್ಲಿಂದ? ಕೈಬೀಸಿ ಕರೆಯುವುದೂ ಆಗದು; ಕೈಗಳು ತಾವಾಗಿ ನೀರನ್ನು ಕೆಳಕ್ಕೆ ಅದುಮುತ್ತಿರುತ್ತವೆ. ಒಂದು ನಿಮಿಷದೊಳಗೆ ಎಲ್ಲವೂ ಮುಗಿಯಬಹುದು. ಗದ್ದಲ ಕೇಳಿದಾಗ ಓಡೋಣವೆಂದು ಅಂಗಳದಲ್ಲಿ ಕುಳಿತವರಿಗೆ ಗದ್ದಲವೇ ಕೇಳಿಸುವುದಿಲ್ಲ.

ನಮ್ಮ ಹಾಗೆಯೇ ಹೊಳೆ, ಕೊಳ, ಮಳೆಗಳ ನಡುವೆ ಬಾಳುವ ಬಾಂಗ್ಲಾದೇಶದಿಂದ ಈ ವಿಷಯದಲ್ಲಿ ಕಲಿಯಬೇಕಾದುದು ಬಹಳವಿದೆ. ಅಲ್ಲಿ ಪುಟ್ಟ ಮಕ್ಕಳ ಸಾವುಗಳಲ್ಲಿ ಹೆಚ್ಚಿನವು ಮನೆಯ ಸಮೀಪದ ಕೊಳಗಳಲ್ಲಿ, ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರೊಳಗೆ, ತಾಯಿ ಅಡುಗೆ ಕೆಲಸದಲ್ಲಿರುವಾಗ ಆಗುತ್ತಿವೆ ಎಂದು ಸಂಶೋಧಕರು ಕಂಡುಕೊಂಡರು. ಆ ಹೊತ್ತಿಗಷ್ಟೇ ಹಳ್ಳಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶಿಶುಕೇಂದ್ರಗಳನ್ನು ತೆರೆದರು. ಅವಕ್ಕೆ ಇಟ್ಟ ಹೆಸರು ‘ಆಂಚಲ್’, ಅಂದರೆ ಸೆರಗು. ದೊಡ್ಡ ಮಕ್ಕಳಿಗೆ ಹಳ್ಳಿಯ ಕೊಳದಲ್ಲಿಯೇ ಬಿದಿರಿನ ಅಟ್ಟ ಕಟ್ಟಿ ಈಜು ಕಲಿಸಿದರು. 25 ಮೀಟರು ಈಜಬೇಕು, 30 ಸೆಕೆಂಡು ತೇಲಿಕೊಂಡಿರಬೇಕು, ಮುಳುಗುವವರಿಗೆ ದಡದಿಂದಲೇ ನೆರವಾಗಲು ತಿಳಿದಿರಬೇಕು, ಪರೀಕ್ಷೆ ಇಷ್ಟೇ. 2012ರಲ್ಲಿ ಪ್ರಕಟವಾದ ಅಧ್ಯಯನದಂತೆ ಶಿಶುಕೇಂದ್ರದ ಮಕ್ಕಳಲ್ಲಿ ಇಂತಹ ಸಾವು ಐದರಲ್ಲಿ ನಾಲ್ಕು ಪಾಲು, ಈಜು ಕಲಿತ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇಳಿಯಿತು. ಅದಕ್ಕೆ ಹೊಳೆಯುವ ಹೆಂಚಿನ ಈಜುಕೊಳವಾಗಲಿ ಪದಕ ಗೆದ್ದ ತರಬೇತುದಾರನಾಗಲಿ ಬೇಕಾಗಲಿಲ್ಲ ಎಂಬುದು ಗಮನಾರ್ಹ.

ಮಗುವಿಗೆ ಆರು ವರ್ಷವಾಯಿತೆಂದರೆ ಕಲಿಸಲು ತಡಮಾಡಬಾರದು. ಜರ್ಮನಿಯ ತತ್ತ್ವಜ್ಞಾನಿ ಹೆಗೆಲ್, ಈಜು ಕಲಿಯುವ ತನಕ ನೀರಿಗಿಳಿಯುವುದಿಲ್ಲವೆಂದು ಪಣತೊಟ್ಟ ವಿದ್ವಾಂಸನೊಬ್ಬನನ್ನು ನೆನೆದು ನಗೆಯಾಡಿದ್ದಾನೆ. ನಮ್ಮ ಅನೇಕ ತಾಯಂದಿರ ನಿಲುವೂ ಇದೇ: “ನೀರಿನ ಹತ್ತಿರ ಹೋಗಬೇಡ, ಅಷ್ಟು ಸಾಕು.” ತಂದೆಯಂದಿರದು ಇನ್ನೊಂದು ತುದಿ. “ಒಮ್ಮೆ ದೂಡಿಬಿಟ್ಟರೆ ತಾನಾಗಿ ಕಲಿಯುತ್ತಾನೆ” ಎನ್ನುವವರು ಇಂದಿಗೂ ಇದ್ದಾರೆ. ದೂಡಿಸಿಕೊಂಡ ಮಗು ಕಲಿಯುವುದು ನೀರಿನ ಭಯವನ್ನು, ಅದರ ಜೊತೆಗೆ ದೂಡಿದವರ ಮೇಲಣ ಅಪನಂಬಿಕೆಯನ್ನು. ಎರಡೂ ಬೇಡ. ಎದೆಮಟ್ಟದ ನೀರಿನಲ್ಲಿ ಹಿರಿಯರೊಬ್ಬರು ಕೈಯಳತೆಯಲ್ಲಿ ನಿಂತಿರಲಿ. ಮುಖ ಮುಳುಗಿಸಿ ಗುಳ್ಳೆ ಬಿಡುವುದು, ಅಂಗಾತ ಮಲಗಿ ಕಿವಿಯ ತನಕ ನೀರಿನಲ್ಲಿದ್ದು ತೇಲುವುದು, ಅಲ್ಲಿಂದ ಮಗ್ಗುಲಾಗಿ ದಡದ ಕಡೆ ತಿರುಗುವುದು, ದಡ ಹಿಡಿದು ಮೇಲೇರುವುದು. ಇವಿಷ್ಟು ಬಂದಮೇಲೆ ಕೈಬಡಿತದ ಚೆಂದವನ್ನು ನೋಡಿದರಾಯಿತು. ತೋಳಿಗೆ ಕಟ್ಟುವ ಗಾಳಿಚೀಲಗಳನ್ನು ನಂಬಬಾರದು. ಅವು ಜಾರುತ್ತವೆ, ಗಾಳಿ ಇಳಿಯುತ್ತವೆ, ತನಗೆ ಈಜು ಬಂದಿದೆಯೆಂಬ ಭ್ರಮೆಯನ್ನೂ ಮಗುವಿಗೆ ಹುಟ್ಟಿಸುತ್ತವೆ. ಮಂಗಳೂರಿನಲ್ಲಿ ಲೇಡಿಹಿಲ್ ಬಳಿಯ ಮಂಗಳಾ ಈಜುಕೊಳವಿದೆ, ಎಮ್ಮೆಕೆರೆಯ ಈಜುಕೊಳ 2023ರಲ್ಲಿ ಉದ್ಘಾಟನೆಯಾಗಿದೆ. ದೂರದ ಊರಿನವರು ಬೇಸಗೆಯಲ್ಲಿ ನೀರು ತಗ್ಗಿದ ತೋಟದ ಕೆರೆಯನ್ನು ಗುಡಿಸಿ, ಆಳ ಅಳೆದು, ಹಗ್ಗ ಕಟ್ಟಿ ಬಳಸಿಕೊಳ್ಳಬಹುದು. ಕೊಳದಲ್ಲಿ ಕಲಿತವನು ಕಡಲಿಗೂ ತುಂಬಿದ ಹೊಳೆಗೂ ಸಿದ್ಧನಾದನೆಂದಲ್ಲ. ಅಳಿವೆಯ ಸೆಳೆತಕ್ಕೆ ಪಳಗಿದ ಮೀನುಗಾರರೂ ಅಂಜುತ್ತಾರೆ.

ಹುಡುಗಿಯರ ಮಾತನ್ನು ಇಲ್ಲಿ ಪ್ರತ್ಯೇಕವಾಗಿ ಎತ್ತಬೇಕಾಗಿದೆ. 2024ರ ನವೆಂಬರಿನಲ್ಲಿ ಉಳ್ಳಾಲ ಸಮೀಪದ ತಂಗುದಾಣವೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಮರು ತಿಂಗಳಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ಒಟ್ಟು ಲೆಕ್ಕದಲ್ಲಿ ಮುಳುಗಿ ಸಾಯುವವರಲ್ಲಿ ಗಂಡಸರೇ ಹೆಚ್ಚು ಎಂಬುದು ನಿಜ. ಆದರೂ ನಮ್ಮ ಮನೆಗಳಲ್ಲಿ ಮಗನಿಗೆ ಕೆರೆ, ಮಗಳಿಗೆ ಕೆರೆಯ ಬದಿ ಎಂಬ ಅಲಿಖಿತ ನಿಯಮ ಬಹುಕಾಲ ನಡೆದುಬಂದಿದೆ. ನಾಳೆ ತಾಯಿಯಾಗಿ ಮಕ್ಕಳೊಡನೆ ನೀರಿನ ಬದಿಯಲ್ಲಿ ನಿಲ್ಲುವವಳು ಅವಳು. ಉಡುಪಿನ ಸಂಕೋಚವೊಂದೇ ಅಡ್ಡಿಯಾದರೆ, ಮೈತುಂಬ ಮುಚ್ಚುವ ಈಜುಡುಗೆಗಳು ಇಂದು ಎಲ್ಲೆಡೆ ಸಿಗುತ್ತವೆ.

ಉಳ್ಳಾಲದ ದುರಂತದಲ್ಲಿ ಒಬ್ಬಳು ಮುಳುಗುವುದನ್ನು ಕಂಡು ಇನ್ನೊಬ್ಬಳು, ಅವಳಿಗಾಗಿ ಮತ್ತೊಬ್ಬಳು ಮುಂದಾದರೆಂಬುದು ಪತ್ರಿಕೆಗಳಲ್ಲಿ ಬಂದ ವಿವರ. ತಮ್ಮನಿಗಾಗಿ ಅಣ್ಣ, ಗೆಳೆಯನಿಗಾಗಿ ಗೆಳೆಯ ಹಾರಿ ಇಬ್ಬರೂ ಬಾರದ ಸುದ್ದಿ ಪ್ರತಿ ಮಳೆಗಾಲದಲ್ಲೂ ಇದೇ ಪುಟಗಳಲ್ಲಿ ಕಾಣುತ್ತದೆ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಬಿಡುವುದಿಲ್ಲ. ಹತ್ತಿರ ಹೋದವನ ಕುತ್ತಿಗೆಗೇ ಜೋತು ಬೀಳುತ್ತಾನೆ. ಪ್ರೀತಿಯುಳ್ಳ ಮಗುವೇ ಮೊದಲು ಹಾರುತ್ತದೆ ಎಂಬ ಕಾರಣದಿಂದಲೇ ಇದನ್ನು ಮೊದಲೇ ಬಾಯಿಪಾಠ ಮಾಡಿಸಬೇಕು: ಹಾರಬೇಡ, ಕೂಗು, ದಡದಲ್ಲಿ ಮಲಗಿಕೊಂಡು ಕೋಲನ್ನೋ ದೋಟಿಯನ್ನೋ ಸೀರೆಯನ್ನೋ ಬೈರಾಸನ್ನೋ ಚಾಚು, ಎಟುಕದಿದ್ದರೆ ತೇಲುವ ಏನನ್ನಾದರೂ ಎಸೆ. ಹೇಳಿದರೆ ಸಾಲದು, ಅಂಗಳದಲ್ಲಿ ಆಟವಾಗಿ ಆಡಿಸಬೇಕು. ಬೇಸಗೆ ಶಿಬಿರಗಳಲ್ಲಿ ಹಾಡು, ಪ್ರಹಸನಗಳ ನಡುವೆ ಇದಕ್ಕೆ ಒಂದು ಗಂಟೆ ಸಿಗಲಾರದೆ?

ನೀರಿನಿಂದ ಎತ್ತಿದ ಮೇಲೆ ನಮ್ಮಲ್ಲಿ ನಡೆಯುವ ಉಪಚಾರಗಳು ಇನ್ನೊಂದು ಅನಾಹುತ. ಕಾಲು ಹಿಡಿದು ತಲೆಕೆಳಗೆ ಮಾಡುವುದು, ಹೆಗಲ ಮೇಲೆ ಹಾಕಿ ಓಡುವುದು, ಹೊಟ್ಟೆ ಅಮುಕಿ ನೀರು ತೆಗೆಯುವುದು ಸಲ್ಲದು. ದೇಹವನ್ನು ಉಪ್ಪಿನ ರಾಶಿಯಲ್ಲಿ ಹೂತರೆ ಜೀವ ಬರುತ್ತದೆಂಬ ಸುಳ್ಳು ಸಂದೇಶವನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯ ಹೆತ್ತವರು ಮಗನ ದೇಹದ ಮುಂದೆ ಗಂಟೆಗಟ್ಟಲೆ ಕಾದರು. ದುಃಖಿತರನ್ನು ನಾವು ಹಳಿಯಲಾರೆವು. ಆ ಸಂದೇಶವನ್ನು ಹಂಚಿದ ಕೈಗಳ ಬಗ್ಗೆ ನಮಗೆ ಅಷ್ಟು ಮರುಕವಿಲ್ಲ. ಉಸಿರಾಡದ ಮಗುವಿಗೆ ಮೊದಲು ಬೇಕಾದುದು ಉಸಿರು. ಅಂಗಾತ ಮಲಗಿಸಿ, ಬಾಯಿಗೆ ಬಾಯಿಟ್ಟು ಐದು ಬಾರಿ ಊದಿ, ಆಮೇಲೆ ಎದೆಯ ನಡುವೆ 30 ಬಾರಿ ಒತ್ತಿ 2 ಬಾರಿ ಊದುತ್ತ, 108ರ ವಾಹನ ಬರುವ ತನಕ ನಿಲ್ಲಿಸದೆ ಮುಂದುವರಿಸಬೇಕು. ಇದು ಓದಿ ಬರುವ ವಿದ್ಯೆಯಲ್ಲ. ರೆಡ್‌ಕ್ರಾಸ್‌ನವರನ್ನೋ ಊರಿನ ವೈದ್ಯರನ್ನೋ ಕರೆಸಿ, ವಾರ್ಡಿಗೆ ನಾಲ್ಕು ಜನರಾದರೂ ಬೊಂಬೆಯ ಮೇಲೆ ಕೈಯಿಟ್ಟು ಕಲಿಯುವಂತೆ ಗುರಿಕಾರರು ಮುತುವರ್ಜಿ ವಹಿಸಬೇಕು.

ಆಗಸ್ಟ್ ಕೊನೆಯಲ್ಲಿ ಮೊಂತಿ ಹಬ್ಬದ ನೊವೆನಾ ಆರಂಭವಾಗುತ್ತದೆ. ಹೂವು ಹುಡುಕಿಕೊಂಡು ಮಕ್ಕಳು ಗದ್ದೆಯ ಹುಣಿ, ತೋಡಿನ ಬದಿ, ಕೆರೆಯ ಏರಿಗಳಲ್ಲೆಲ್ಲ ಸುತ್ತುವ ದಿನಗಳವು; ನೀರು ತುಂಬಿರುವ ದಿನಗಳೂ ಅವೇ. ಹೂ ಕೊಯ್ಯುವ ಗುಂಪಿನ ಜೊತೆ ಹಿರಿಯರೊಬ್ಬರು, ಕೈಯಲ್ಲಿ ಉದ್ದನೆಯ ಕೋಲು ಹಿಡಿದು ಹೋಗಲಿ. ಅದಕ್ಕೆ ಮೊದಲೇ ಪ್ರತಿ ಕೆರೆಯ, ಪ್ರತಿ ಕೋರೆಯ ಬದಿಯ ಮರಕ್ಕೆ ಐದು ಲೀಟರಿನ ಖಾಲಿ ಪ್ಲಾಸ್ಟಿಕ್ ಕ್ಯಾನೊಂದನ್ನು ಮೂವತ್ತು ಅಡಿ ಹಗ್ಗದೊಂದಿಗೆ ತೂಗುಹಾಕಬೇಕು. ಎಸೆದರೆ ದೂರ ಹೋಗುವಂತೆ ಅದರೊಳಗೆ ಒಂದೆರಡು ಲೋಟ ನೀರು ತುಂಬಿ ಮುಚ್ಚಳ ಬಿಗಿದಿರಬೇಕು. ಮುಚ್ಚಳ ಕಳೆದುಹೋಗದಂತೆ ಅದನ್ನು ಕ್ಯಾನಿನ ಹಿಡಿಗೇ ದಾರದಿಂದ ಕಟ್ಟಿಟ್ಟರೆ ಒಳ್ಳೆಯದು.