ಹಳ್ಳಿಯ ಒಲೆ, ಹೊಗೆ ಮತ್ತು ಆರೋಗ್ಯ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ಗಾದೆ. ಹೊಗೆಯಿಲ್ಲದೆ ಬೆಂಕಿಯನ್ನು ಉರಿಸಬಾರದೇ ಎಂಬ ಪ್ರಶ್ನೆಯನ್ನು ಮಾತ್ರ ಮನುಷ್ಯನು ಬಹುಕಾಲ ಕೇಳಿಕೊಳ್ಳಲಿಲ್ಲ. ಒಲೆಯ ಮುಂದೆ ಕುಳಿತವಳು ಹೆಣ್ಣಾದುದರಿಂದ, ಪ್ರಶ್ನೆ ಕೇಳಬಲ್ಲವರ ಕಣ್ಣಿಗೆ ಆ ಹೊಗೆ ತಾಗಲಿಲ್ಲವೆಂದೇ ಹೇಳಬೇಕು.

ಅಮೀರ್‌ಪೇಟ್‌ನ ಬಹುಮಹಡಿ ಮನೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಸೌದೆಯ ಒಲೆ ಇಂದು ನೆನಪು ಮಾತ್ರ. ಗುಂಡಿ ತಿರುಗಿಸಿದರೆ ನೀಲಿ ಜ್ವಾಲೆ ಹೊತ್ತುತ್ತದೆ. ಆದರೆ ಊರಿನ ಸಂಬಂಧ ಅಷ್ಟು ಸುಲಭವಾಗಿ ಕಡಿಯುವಂಥದಲ್ಲ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ಔಷಧೋಪಚಾರಕ್ಕಾಗಿ ಈ ನಗರಕ್ಕೆ ಬರುವ ಪದ್ಧತಿ ಹಳೆಯದು. ಅಮೀರ್‌ಪೇಟ್‌ನಿಂದ ಮೆಟ್ರೋದಲ್ಲಿ ಕೆಲವೇ ನಿಲ್ದಾಣಗಳಾಚೆ, ಎರ್ರಗಡ್ಡದಲ್ಲಿ, ಸರ್ಕಾರಿ ಎದೆರೋಗ ಆಸ್ಪತ್ರೆಯೂ ಇದೆ. ಊರಿನಿಂದ ಬಂದ ತಾಯಿಯ ಕೆಮ್ಮಿಗೆ ಕಾರಣ ಹುಡುಕುವ ವೈದ್ಯರು, ಬೀಡಿ, ಹೊಗೆಸೊಪ್ಪಿನ ಅಭ್ಯಾಸವುಂಟೇ ಎಂದು ಮೊದಲು ವಿಚಾರಿಸುತ್ತಾರೆ. ಇಲ್ಲವೆಂದು ಉತ್ತರ ಬಂದರೆ ಅವರ ಮುಂದಿನ ಪ್ರಶ್ನೆ, ಮನೆಯಲ್ಲಿ ಯಾವ ಒಲೆಯಲ್ಲಿ ಅಡುಗೆ ಮಾಡುತ್ತಿದ್ದರೆಂಬುದು. ಬೀಡಿ ಮುಟ್ಟದ ತಾಯಿ ನಲವತ್ತು ವರ್ಷ ಹೊಗೆ ಕುಡಿದಿರುತ್ತಾಳೆ.

ಹೊಗೆಯೊಳಗಿನ ವಿಷ

ಸೌದೆ, ಬೆರಣಿ, ಹತ್ತಿಕಟ್ಟಿಗೆಗಳು ಪೂರ್ತಿಯಾಗಿ ಉರಿಯದಿದ್ದಾಗ ಇಂಗಾಲದ ಮಾನಾಕ್ಸೈಡ್ ಅನಿಲವೂ ಅತಿ ಸೂಕ್ಷ್ಮವಾದ ಮಸಿಯ ಕಣಗಳೂ ಹುಟ್ಟುತ್ತವೆ. ಈ ಕಣಗಳು ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಕ್ಕದೆ ಶ್ವಾಸಕೋಶದ ಆಳವನ್ನು ಸೇರುತ್ತವೆ. ದೀರ್ಘಕಾಲದ ಶ್ವಾಸನಾಳದ ರೋಗ, ಹೃದ್ರೋಗ, ಕಣ್ಣಿನ ಪೊರೆ ಇವುಗಳಿಗೆ ಅಡುಗೆಮನೆಯ ಹೊಗೆ ಕಾರಣವಾಗುವುದೆಂದು ವೈದ್ಯವಿಜ್ಞಾನ ಕಂಡುಕೊಂಡಿದೆ. ತಾಯಿಯ ಮಡಿಲಲ್ಲಿ ಒಲೆಯ ಪಕ್ಕದಲ್ಲೇ ಬೆಳೆಯುವ ಎಳೆಗೂಸಿಗೆ ನ್ಯುಮೋನಿಯಾದ ಭಯ ಹೆಚ್ಚು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಅಕಾಲ ಮರಣಕ್ಕೆ ತುತ್ತಾದರೆಂದೂ, ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ ಎರಡು ಲಕ್ಷಕ್ಕೂ ಮಿಕ್ಕಿದ್ದರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಹಳ್ಳಿಯ ಇಂಧನದ ಪ್ರಶ್ನೆ ಹಳ್ಳಿಯ ಆರೋಗ್ಯದ ಪ್ರಶ್ನೆಯೂ ಆಗಿರುವುದು ಹೀಗೆ.

ವಿಜ್ಞಾನಿಗಳು ಹಳ್ಳಿಗೆ ಹೋದುದು

ವಿದ್ಯುತ್ತಿನ ಇತಿಹಾಸದಲ್ಲಿ ಕರ್ನಾಟಕಕ್ಕೆ ಹಿರಿಮೆಯ ಸ್ಥಾನವಿದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೆ ಇದಾಗಿ ಎಪ್ಪತ್ತು ವರ್ಷಗಳ ನಂತರವೂ ಹಳ್ಳಿಯ ಒಲೆ ಮೂರು ಕಲ್ಲಿನದಾಗಿಯೇ ಉಳಿದಿತ್ತು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ವಿಭಾಗ ಪ್ರಾರಂಭವಾಯಿತು. ಗ್ರಾಮಗಳ ಅಗತ್ಯಕ್ಕೆ ವಿಜ್ಞಾನವನ್ನು ಅನ್ವಯಿಸುವುದೇ ಅದರ ಉದ್ದೇಶವಾಗಿತ್ತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ನೆಲೆಗೊಂಡಿತು. ಸುತ್ತಿನ ಆರು ಹಳ್ಳಿಗಳಲ್ಲಿ ಸೌದೆ, ಸೀಮೆಎಣ್ಣೆ, ವಿದ್ಯುತ್ತು, ಎತ್ತಿನ ಶಕ್ತಿ, ಮನುಷ್ಯರ ದುಡಿಮೆ ಎಲ್ಲವನ್ನೂ ಲೆಕ್ಕ ಹಾಕಿದಾಗ, ಬಳಕೆಯಾಗುವ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಸೌದೆಯದೇ ಎಂದು ತಿಳಿದುಬಂದಿತು. ಆ ಸೌದೆಯ ಬಹುಭಾಗ ಅಡುಗೆಗೆ ಹೋಗುತ್ತಿತ್ತು. ಅದನ್ನು ಆಯ್ದು ಹೊತ್ತು ತರುತ್ತಿದ್ದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು.

ಈ ಅಧ್ಯಯನದ ಮುಂದಿನ ಫಲವೇ 'ಅಸ್ತ್ರ ಒಲೆ'. ಸಾಂಪ್ರದಾಯಿಕ ಒಲೆಯಲ್ಲಿ ಉರಿಯ ಶಾಖದ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ತಲುಪುತ್ತದೆ. 1980ರ ದಶಕದ ಆರಂಭದಲ್ಲಿ ರೂಪುಗೊಂಡ ಅಸ್ತ್ರ ಒಲೆಯಲ್ಲಿ ಬೆಂಕಿಯನ್ನು ಮುಚ್ಚಿದ ಗೂಡಿನೊಳಗೆ ಉರಿಸಿ, ಬಿಸಿ ಗಾಳಿಯನ್ನು ಸಾಲಾಗಿ ಮೂರು ಪಾತ್ರೆಗಳ ತಳಕ್ಕೆ ಹರಿಸಿ, ಉಳಿದ ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಕಳಿಸಲಾಗುತ್ತದೆ. ಮಣ್ಣಿನಿಂದ ಕಟ್ಟಬಹುದಾದ ಈ ಒಲೆಯಿಂದ ಸೌದೆಯ ಉಳಿತಾಯವೂ ಆಯಿತು, ಅಡುಗೆಮನೆಯ ಗೋಡೆಯೂ ಕಪ್ಪಾಗದಾಯಿತು. ಆದರೆ ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ, ಗೂಡಿನ ಅಳತೆ ತಪ್ಪಿದರೆ, ಹೊಸ ಒಲೆಯೂ ಹಳೆಯ ಒಲೆಯಂತೆಯೇ ಹೊಗೆ ಕಾರುತ್ತದೆ. ಒಲೆಯನ್ನು ಕಟ್ಟಿಕೊಟ್ಟರೆ ಸಾಲದು. ಕಟ್ಟುವವರನ್ನೂ ದುರಸ್ತಿ ಮಾಡುವವರನ್ನೂ ತಯಾರು ಮಾಡಬೇಕು.

ಪುರದ ಪಾಠ

ಉಂಗ್ರಕ್ಕೆ ಸಮೀಪದ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ನಡೆದ ಪ್ರಯೋಗ ಇನ್ನೊಂದು ಪಾಠವನ್ನು ಕಲಿಸಿತು. ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಸಮುದಾಯ ಗೋಬರ್ ಗ್ಯಾಸ್ ಸ್ಥಾವರದಿಂದ ಮನೆಮನೆಗೂ ಅಡುಗೆಯ ಅನಿಲ ಒದಗಿಸಬೇಕೆಂಬುದು ಮೊದಲ ಯೋಜನೆ. ಎಲ್ಲರ ಅಡುಗೆಗೆ ಸಾಕಾಗುವಷ್ಟು ಅನಿಲ ದೊರೆಯದೆ ಅದು ಫಲಿಸಲಿಲ್ಲ. ಗ್ರಾಮಸ್ಥರನ್ನು ಕೇಳಿದಾಗ ಅವರು ಬಯಸಿದ್ದು ಬೇರೆ: ಕುಡಿಯುವ ನೀರು, ಆಮೇಲೆ ಬೆಳಕು.

ವಿಜ್ಞಾನಿಗಳು ತಮ್ಮ ಯೋಜನೆಯನ್ನು ಬದಲಿಸಿದರು. 1987ರಿಂದ ಅದೇ ಅನಿಲ, ಸ್ವಲ್ಪ ಡೀಸೆಲ್ ಬೆರೆತು, ಒಂದು ಎಂಜಿನ್ನನ್ನು ನಡೆಸಿತು. ಸುಮಾರು 5 ಕಿಲೋವಾಟಿನ ಆ ಪುಟ್ಟ ವಿದ್ಯುತ್ ಕೇಂದ್ರವು ಕೊಳವೆ ಬಾವಿಯಿಂದ ನೀರೆತ್ತಿ ನಲ್ಲಿಗೆ ಹರಿಸಿತು; ಸಂಜೆ ಮನೆಗಳಲ್ಲಿ ದೀಪ ಬೆಳಗಿಸಿತು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ ಸಂದಾಯವಾಗುತ್ತಿತ್ತು. ಅನಿಲ ಕಳೆದ ಮೇಲೆ ಉಳಿದ ಗೊಬ್ಬರವೂ ಅವರಿಗೇ ಮರಳುತ್ತಿತ್ತು. ಹಲವು ವರ್ಷಗಳ ಕಾಲ ಊರವರೇ ಇದನ್ನು ನಡೆಸಿದರು. ನೀರು ಹೊರುವ ಶ್ರಮ ತಪ್ಪಿದ್ದು ಹೆಂಗಸರಿಗೆ. ಶುದ್ಧ ನೀರಿನ ಲಾಭ ಇಡೀ ಊರಿಗೆ. ಊರಿನ ಅಗತ್ಯವನ್ನು ಊರಿನ ಬಾಯಿಂದಲೇ ಕೇಳಿ ತಿಳಿಯಬೇಕೆಂಬುದೇ ಪುರದ ಪಾಠ.

ಶಿರಸಿಯ ಯಶಸ್ಸು

ಅಡುಗೆಗೆ ಗೋಬರ್ ಗ್ಯಾಸ್ ನಿರುಪಯುಕ್ತವೆಂದು ಇದರ ಅರ್ಥವಲ್ಲ. ಸಗಣಿಗೆ ಸಮಪ್ರಮಾಣದ ನೀರು ಬೆರೆಸಿ ಗಾಳಿಯಾಡದ ತೊಟ್ಟಿಯಲ್ಲಿ ಇರಿಸಿದರೆ, ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಮೀಥೇನ್ ಅನಿಲವನ್ನು ಉಂಟುಮಾಡುತ್ತವೆ. ಅದು ಹೊಗೆಯಿಲ್ಲದೆ ನೀಲಿಯಾಗಿ ಉರಿಯುತ್ತದೆ. ನಾಲ್ಕೈದು ಜನರ ಮನೆಗೆ ಸಾಕಾಗುವ 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನಗಳ ಕೊಟ್ಟಿಗೆ ಬೇಕು.

ಉತ್ತರ ಕನ್ನಡದ ಶಿರಸಿ ಪ್ರದೇಶದ ಅಡಿಕೆ ಬೆಳೆಗಾರರಲ್ಲಿ ಈ ಅನುಕೂಲವಿತ್ತು. ಅಲ್ಲಿ ಸ್ಥಾವರ ಕಟ್ಟಿದವರೇ ಅದರ ಹೊಣೆಯನ್ನೂ ಹೊತ್ತು, ಕೆಟ್ಟಾಗ ಬಂದು ಸರಿಪಡಿಸುವ ಪದ್ಧತಿ ಬೆಳೆಯಿತು. ಬೇರೆಡೆ ಎಷ್ಟೋ ಗೋಬರ್ ಗ್ಯಾಸ್ ತೊಟ್ಟಿಗಳು ಪಾಳುಬಿದ್ದಿದ್ದ ಕಾಲದಲ್ಲಿ ಶಿರಸಿಯವು ಸುಸ್ಥಿತಿಯಲ್ಲಿ ನಡೆಯುತ್ತಿದ್ದವೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ದೀಪದ ವಿಷಯವೂ ಇಂಥದೇ. ಸೀಮೆಎಣ್ಣೆಯ ಬುಡ್ಡಿದೀಪದ ಮುಂದೆ ಓದುವ ಮಗುವಿನ ಮೂಗಿಗೆ ಹೋಗುವುದೂ ಮಸಿಯೇ. 1995ರಲ್ಲಿ ಬೆಂಗಳೂರಿನಲ್ಲಿ 'ಸೆಲ್ಕೋ' ಸಂಸ್ಥೆಯನ್ನು ಆರಂಭಿಸಿದವರಲ್ಲೊಬ್ಬರಾದ ಡಾ. ಹರೀಶ್ ಹಂದೆಯವರು, ಬಡ ಮನೆಗಳಿಗೆ ಸೌರದೀಪ ಕೊಳ್ಳಲು ಬ್ಯಾಂಕುಗಳ ಸಾಲ ದೊರಕುವಂತೆ ಮಾಡಿ, ದುರಸ್ತಿಯ ಸೇವೆಯನ್ನೂ ಹಳ್ಳಿಯ ಹತ್ತಿರಕ್ಕೆ ತಂದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಊರಿಗೆ ಹೋದಾಗ

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಕೋಟ್ಯಂತರ ಬಡ ಮನೆಗಳಿಗೆ ಅಡುಗೆ ಅನಿಲ ತಲುಪಿದೆ. ಆದರೂ ಎರಡನೆಯ ಸಿಲಿಂಡರಿನ ಬೆಲೆಗೆ ಹೆದರಿ ಮತ್ತೆ ಸೌದೆಗೆ ಮರಳುವವರಿದ್ದಾರೆ. ಆದ್ದರಿಂದ ಹಬ್ಬಕ್ಕೆ, ಜಾತ್ರೆಗೆ ಊರಿಗೆ ಹೋಗುವವರು ಅಡುಗೆಮನೆಯನ್ನೊಮ್ಮೆ ನೋಡಿ ಬರುವುದು ಒಳ್ಳೆಯದು. ಸಿಲಿಂಡರ್ ಮೂಲೆಯಲ್ಲಿದ್ದು ಸೌದೆ ಉರಿಯುತ್ತಿದ್ದರೆ ಅದರ ಕಾರಣವನ್ನು ವಿಚಾರಿಸಬೇಕು. ಸೌದೆ ಅನಿವಾರ್ಯವಾದಲ್ಲಿ ಚೆನ್ನಾಗಿ ಒಣಗಿದ್ದನ್ನೇ ಬಳಸಬೇಕು, ಹೊಗೆಕೊಳವೆಯನ್ನು ಶುಚಿಯಾಗಿಡಬೇಕು, ಕಿಟಕಿ, ಗವಾಕ್ಷಿಗಳು ತೆರೆದಿರಬೇಕು, ಎಳೆಗೂಸನ್ನು ಒಲೆಯಿಂದ ದೂರ ಮಲಗಿಸಬೇಕು. ನಾಲ್ಕಾರು ದನಗಳಿರುವ ಮನೆಯಾದರೆ ಗೋಬರ್ ಗ್ಯಾಸಿನ ಯೋಚನೆ ಮಾಡಬಹುದು. ಎರಡು ವಾರಕ್ಕೂ ಹೆಚ್ಚು ಕಾಲ ಕೆಮ್ಮು ನಿಲ್ಲದಿದ್ದರೆ ಹೊಗೆಯ ಕೆಮ್ಮೆಂದು ಕಡೆಗಣಿಸದೆ ಕಫವನ್ನು ಪರೀಕ್ಷೆ ಮಾಡಿಸಬೇಕು. ಕ್ಷಯರೋಗದ ಸಂಶಯವನ್ನೂ ಪರಿಹರಿಸಿಕೊಳ್ಳಬೇಕು.

ಮಗನ ಸಂಪಾದನೆಯಿಂದ ಊರಿನ ಮನೆಗೆ ಬಣ್ಣದ ಟಿ.ವಿ. ಬರುತ್ತದೆ, ಸೋಫಾ ಬರುತ್ತದೆ. ಹೊಗೆಯಿಲ್ಲದ ಒಲೆಯೂ ಆ ಪಟ್ಟಿಗೆ ಸೇರಿದರೆ, ಎರ್ರಗಡ್ಡದ ದಾರಿ ಕೇಳಿಕೊಂಡು ಬರುವ ತಾಯಂದಿರು ಅಷ್ಟರಮಟ್ಟಿಗೆ ಕಡಿಮೆಯಾದಾರು.